ಬಿಳಿ ಹೊದಿಕೆಯ ಪ್ರವಾದಿಗಳು

2023ರ ಡಿಸೆಂಬರ್ ತಿಂಗಳಲ್ಲಿ, ನಾವೆಲ್ಲ ಕ್ರಿಸ್ತಜಯಂತಿಯ ಸಿದ್ಧತೆಯಲ್ಲಿ ಮುಳುಗಿದ್ದಾಗ, ನ್ಯೂಯಾರ್ಕ್ ನಗರದಲ್ಲಿ ಒಂದು ಸಂಗೀತ ಪ್ರಹಸನ ರಂಗಕ್ಕೆ ಬಂದಿತು. ಅದರ ಹೆಸರು 'ದಿ ಜೆರುಸಲೇಮ್ ಸಿಂಡ್ರೋಮ್'. ಲಾರೆನ್ಸ್ ಹೋಲ್ಜ್‌ಮನ್ ಮತ್ತು ಫೆಲಿಷಿಯಾ ನೀಡಲ್‌ಮನ್ ಎಂಬಿಬ್ಬರು ಬರೆದ ಈ ಆಟಕ್ಕೆ ಸಂಗೀತ ನೀಡಿದವರು ಕೈಲ್ ರೋಸನ್. ಕಥೆಯ ಎಳೆ ಬಹಳ ಸರಳವಾದುದು. ಪವಿತ್ರ ನಾಡಿನ ಪ್ರವಾಸಕ್ಕೆಂದು ಹೊರಟ ಅಮೆರಿಕನ್ನರಲ್ಲಿ ಕೆಲವರು ಜೆರುಸಲೇಮನ್ನು ಮುಟ್ಟಿದ ಮೇಲೆ ತಾವು ತಾವಲ್ಲ, ಬೈಬಲ್ಲಿನ ಮಹಾವ್ಯಕ್ತಿಗಳೇ ಎಂದು ನಂಬಿಬಿಡುತ್ತಾರೆ. ಆ ಮೇಲೆ ನಡೆಯುವುದೆಲ್ಲ ಹಾಡು, ಕುಣಿತ, ಗೊಂದಲ, ನಗೆ.

ಈ ಆಟ ನಡೆದದ್ದು ಸೇಂಟ್ ಜೀನ್ಸ್ ಎಂಬ ರಂಗಮಂದಿರದಲ್ಲಿ. ಸ್ನಾನಿಕ ಯೊವಾನ್ನರ ಹೆಸರಿನ ಕಥೋಲಿಕ ದೇವಾಲಯದ ಆಶ್ರಯದಲ್ಲಿರುವ ರಂಗಮಂದಿರವದು. ಈ ಸಂಗತಿಯನ್ನು ಮನಸ್ಸಿನ ಒಂದು ಮೂಲೆಯಲ್ಲಿ ಇಟ್ಟುಕೊಳ್ಳಿರಿ, ಮುಂದೆ ಅದು ಬೇಕಾಗುತ್ತದೆ. ನಿಜವಾದ ಜೆರುಸಲೇಮಿಗಾದರೋ ಅದು ನಗುವ ಕಾಲವಾಗಿರಲಿಲ್ಲ. ಎರಡು ತಿಂಗಳ ಹಿಂದೆಯಷ್ಟೇ ಯುದ್ಧ ಆರಂಭವಾಗಿತ್ತು. ಆ ವರ್ಷ ಬೆತ್ಲೆಹೇಮಿನಲ್ಲಿ ಕ್ರಿಸ್ತಜಯಂತಿಯ ದೀಪಾಲಂಕಾರಗಳೂ ಮೆರವಣಿಗೆಗಳೂ ನಿಂತುಹೋಗಿದ್ದವು.

ತಾವು ಮೋಶೆ, ಸಂಸೋನ, ಮರಿಯಮ್ಮ ಎಂದು ನಂಬುವ ಪ್ರವಾಸಿಗಳು ನಾಟಕಕಾರರ ಕಲ್ಪನೆಯಷ್ಟೇ ಎಂದು ನಿಮಗೆ ಅನ್ನಿಸಬಹುದು. ಹಾಗಲ್ಲ. ಜೆರುಸಲೇಮಿನ ವೈದ್ಯರು ಇಂಥವರನ್ನು ಬಹುಕಾಲದಿಂದ ಬಲ್ಲರು. 1930ರ ದಶಕದಲ್ಲಿಯೇ ಹೈನ್ಜ್ ಹರ್ಮನ್ ಎಂಬ ಮನೋವೈದ್ಯರು ಈ ವಿಚಿತ್ರ ಸ್ಥಿತಿಯನ್ನು ಗುರುತಿಸಿ ದಾಖಲಿಸಿದ್ದರು. ಆ ಮೇಲೆ ಯಾಯಿರ್ ಬಾರ್-ಎಲ್ ಮತ್ತು ಅವರ ಸಹೋದ್ಯೋಗಿಗಳು ಇದನ್ನು ವರ್ಷಗಟ್ಟಲೆ ಅಭ್ಯಸಿಸಿ, 2000ನೆಯ ಇಸವಿಯಲ್ಲಿ ಬ್ರಿಟನ್ನಿನ ಮನೋವೈದ್ಯಕೀಯ ಪತ್ರಿಕೆಯೊಂದರಲ್ಲಿ ವಿವರವಾದ ಲೇಖನ ಬರೆದರು. ಅವರು ಕೊಡುವ ಲೆಕ್ಕದಂತೆ 1980ರಿಂದ 1993ರವರೆಗಿನ ಅವಧಿಯಲ್ಲಿ ಜೆರುಸಲೇಮಿಗೆ ಸಂಬಂಧಿಸಿದ ತೀವ್ರ ಮನೋವಿಕಾರದಿಂದ ಬಳಲಿದ ಸುಮಾರು 1,200 ಪ್ರವಾಸಿಗಳನ್ನು ಅಲ್ಲಿನ ಕ್ಫಾರ್ ಶಾವುಲ್ ಮಾನಸಿಕ ಆಸ್ಪತ್ರೆಗೆ ಕಳುಹಿಸಲಾಯಿತು. ಇವರಲ್ಲಿ 470 ಮಂದಿ ಒಳರೋಗಿಗಳಾಗಿ ದಾಖಲಾದರು.

ಆ ಆಸ್ಪತ್ರೆಯ ನೆಲದ ಬಗ್ಗೆಯೂ ಒಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸು ಒಪ್ಪುವುದಿಲ್ಲ. 1951ರಲ್ಲಿ ಅದು ಆರಂಭವಾದದ್ದು ದೇರ್ ಯಾಸೀನ್ ಎಂಬ ಅರಬ್ ಹಳ್ಳಿಯ ಉಳಿದ ಮನೆಗಳಲ್ಲಿ. 1948ರ ಏಪ್ರಿಲ್ 9ರಂದು ಆ ಹಳ್ಳಿಯಲ್ಲಿ ಗಂಡಸರು, ಹೆಂಗಸರು, ಮಕ್ಕಳೆನ್ನದೆ ನೂರಕ್ಕೂ ಹೆಚ್ಚು ಜನರ ಹತ್ಯೆಯಾಗಿತ್ತು. ತಾನು ರಕ್ಷಕನೆಂದು ಭ್ರಮಿಸಿದವನು ಕೊನೆಗೆ ಬಂದು ಮಲಗುತ್ತಿದ್ದುದು ಯಾರನ್ನೂ ರಕ್ಷಿಸಲಾಗದೆ ಹೋದ ಆ ಊರಿನ ಗೋಡೆಗಳ ನಡುವೆ.

ಬಾರ್-ಎಲ್ ಅವರು ರೋಗಿಗಳಲ್ಲಿ ಮೂರು ಬಗೆಯವರನ್ನು ಗುರುತಿಸುತ್ತಾರೆ. ಮೊದಲನೆಯವರು ಊರಿನಲ್ಲೇ ಕಾಯಿಲೆ ಹತ್ತಿಸಿಕೊಂಡು, ಆ ಭ್ರಮೆಯನ್ನು ಹೊತ್ತೇ ವಿಮಾನ ಏರಿದವರು. ಎರಡನೆಯವರು ಯಾವುದೋ ವಿಚಿತ್ರ ಮತ ಅಥವಾ ಗುಂಪಿನ ಆವೇಶಕ್ಕೆ ಸಿಕ್ಕವರು. ಮೂರನೆಯವರೇ ವೈದ್ಯರನ್ನು ಬೆರಗುಗೊಳಿಸಿದವರು. ಹಿಂದೆಂದೂ ಮನೋವ್ಯಾಧಿಯಿಲ್ಲದ, ಸಂಸಾರವಂದಿಗರಾದ ಸಾಮಾನ್ಯ ಜನ. ಆ ಹದಿಮೂರು ವರ್ಷಗಳಲ್ಲಿ ಇಂಥವರು ಸಿಕ್ಕಿದ್ದು 42 ಮಂದಿ ಮಾತ್ರ. ಆದರೆ ಆ ಎಲ್ಲರ ಕಥೆಯೂ ಒಬ್ಬನೇ ಬರೆದ ನಾಟಕದಂತೆ ಒಂದೇ ಕ್ರಮದಲ್ಲಿ ನಡೆಯುತ್ತದೆ. ಮೊದಲು ಕಾರಣವಿಲ್ಲದ ಕಳವಳ. ಆ ಮೇಲೆ ಜೊತೆಯವರನ್ನು ಬಿಟ್ಟು ಒಂಟಿಯಾಗಿ ನಗರ ಸುತ್ತುವ ಹಂಬಲ. ಬಳಿಕ ಶುದ್ಧಿಯ ಗೀಳು: ಮತ್ತೆ ಮತ್ತೆ ಸ್ನಾನ ಮಾಡುವುದು, ಕೈಕಾಲುಗಳ ಉಗುರು ಕತ್ತರಿಸಿಕೊಳ್ಳುವುದು. ನಂತರ ಹೋಟೆಲಿನ ಹಾಸಿಗೆಯ ಮೇಲಿನ ಬಿಳಿ ಹೊದಿಕೆಯನ್ನು ಕಿತ್ತು ಕಾಲಿನವರೆಗೆ ಇಳಿಯುವ ನಿಲುವಂಗಿಯನ್ನಾಗಿ ಮಾಡಿಕೊಂಡು, ಕೀರ್ತನೆಗಳನ್ನೋ ಭಕ್ತಿಗೀತೆಗಳನ್ನೋ ಗಟ್ಟಿಯಾಗಿ ಹೇಳುತ್ತ ಬೀದಿಗಿಳಿದು, ಯಾವುದಾದರೊಂದು ಪವಿತ್ರ ಸ್ಥಳಕ್ಕೆ ಮೆರವಣಿಗೆ ಹೊರಡುವುದು. ಅಲ್ಲಿ ನಿಂತು ಜನರಿಗೆ ಉಪದೇಶ ಮಾಡುವುದು. ಸರಳವಾಗಿ, ಪರಿಶುದ್ಧವಾಗಿ ಬದುಕಿರೆಂದು ಕರೆ ಕೊಡುವುದು. ಉಪದೇಶವೂ ಅಷ್ಟೇನೂ ಕೆಟ್ಟದ್ದಲ್ಲ ನೋಡಿ! ಹೇಳುವುದೆಲ್ಲ ನಿಜವೇ, ಹೇಳುವವನೊಬ್ಬನೇ ಎಡವಟ್ಟು.

ಐದಾರು ದಿನ ಕಳೆದರೆ, ವಿಶ್ರಾಂತಿ ದೊರೆತರೆ, ಆ ನಗರದಿಂದ ದೂರ ಒಯ್ದರೆ ಇವರು ಗುಣವಾಗುತ್ತಾರೆ. ಮಾಡಿದ್ದೆಲ್ಲ ನೆನಪಿರುತ್ತದೆ. ಅದೇ ಅವರ ಸಂಕಟ. ನಾಚಿಕೆಯಿಂದ ತಲೆತಗ್ಗಿಸುತ್ತಾರೆ, ಆ ವಿಷಯವನ್ನು ಎತ್ತಲು ಬಯಸುವುದಿಲ್ಲ, ಮೌನವಾಗಿ ಮನೆಗೆ ಹಿಂದಿರುಗುತ್ತಾರೆ.

ಈ 42 ಮಂದಿಯಲ್ಲಿ ಹೆಚ್ಚಿನವರು ಪ್ರೊಟೆಸ್ಟಂಟ್ ಮನೆತನದವರು, ಬೈಬಲ್ ಓದುವುದೇ ಮನೆಯ ನಿತ್ಯವಿಧಿಯಾಗಿದ್ದ ಕುಟುಂಬಗಳಲ್ಲಿ ಬೆಳೆದವರು. ವೈದ್ಯರ ಊಹೆ ಹೀಗಿದೆ: ಇಂಥವರು ಎಳವೆಯಿಂದಲೇ ಮನಸ್ಸಿನೊಳಗೆ ಒಂದು ಜೆರುಸಲೇಮನ್ನು ಕಟ್ಟಿಕೊಂಡಿರುತ್ತಾರೆ. ಅಲ್ಲಿ ಧೂಳಿಲ್ಲ, ಚೌಕಾಸಿಯಿಲ್ಲ, ಬಂದೂಕು ಹಿಡಿದ ಯೋಧರಿಲ್ಲ. ಕಣ್ಣಿಗೆ ಕಾಣುವ ಜೆರುಸಲೇಮಿನಲ್ಲಿ ಇವೆಲ್ಲವೂ ಇವೆ. ಈ ಎರಡು ನಗರಗಳ ನಡುವಿನ ಕಂದಕವನ್ನು ದಾಟಲಾರದೆ ಮನಸ್ಸು ತಾನೇ ಒಂದು ಸೇತುವೆಯಾಗಿ ಬಾಗಿಬಿಡುತ್ತದೆ. ಈ ಊಹೆಯನ್ನು ಎಲ್ಲರೂ ಒಪ್ಪಿಲ್ಲ. ಮೋಶೆ ಕಾಲಿಯನ್ ಮತ್ತು ಎಲಿಯೆಜರ್ ವಿಟ್ಜ್‌ಟುಮ್ ಎಂಬ ಇನ್ನಿಬ್ಬರು ಇಸ್ರೇಲಿ ಮನೋವೈದ್ಯರು, ನಗರವು ಯಾರಿಗೂ ಹುಚ್ಚು ಹಿಡಿಸುವುದಿಲ್ಲ, ಮೊದಲೇ ನೊಂದು ಬೆಂದವರೇ ಅಲ್ಲಿಗೆ ಹುಡುಕಿಕೊಂಡು ಬರುತ್ತಾರೆ ಎಂದು ವಾದಿಸಿದರು. ನನಗೂ ಈ ಎರಡನೆಯ ಮಾತೇ ಸರಿಯೆನಿಸುತ್ತದೆ. ಜೆರುಸಲೇಮನ್ನು ದೂರುವುದು ಸುಲಭ. ನೊಂದವನು ಅಷ್ಟು ದೂರ ಏಕೆ ಬಂದ, ಹತ್ತಿರದಲ್ಲಿ ಅವನ ಮಾತು ಕೇಳುವವರು ಯಾರೂ ಇರಲಿಲ್ಲವೇ ಎಂದು ವಿಚಾರಿಸುವುದು ಕಷ್ಟ.

ಬಾರ್-ಎಲ್ ಅವರ ಲೇಖನದಲ್ಲಿ ಬರುವ ಒಬ್ಬ ರೋಗಿಯನ್ನು ನಾನು ಮರೆಯಲಾರೆ. ಅವನೊಬ್ಬ ಅಮೆರಿಕನ್. ತಾನೇ ಸಂಸೋನನೆಂದು ನಂಬಿ, ಅಂಗಸಾಧನೆ ಮಾಡಿ ದೇಹ ಬೆಳೆಸಿದ್ದ. ಜೆರುಸಲೇಮಿನ ಪಶ್ಚಿಮ ಗೋಡೆಯ ಒಂದು ಬೃಹತ್ ಕಲ್ಲು ಸರಿಯಾದ ಸ್ಥಳದಲ್ಲಿಲ್ಲ, ಅದನ್ನು ತಾನು ಸರಿಪಡಿಸಬೇಕು ಎಂಬುದು ಅವನ ಯಾತ್ರೆಯ ಉದ್ದೇಶ. ಗೋಡೆಯ ಬಳಿ ಅವನು ಕಲ್ಲಿಗೆ ಕೈ ಹಚ್ಚಿದ್ದೇ ಗಲಭೆಯಾಗಿ, ಪೊಲೀಸರು ಅವನನ್ನು ಆಸ್ಪತ್ರೆಗೆ ತಂದರು. ಅಲ್ಲಿ ವೈದ್ಯರೊಬ್ಬರು ಅವನಿಗೆ ತಿಳಿಹೇಳಿದರು: ನೀನು ಸಂಸೋನನಾಗಿರಲು ಸಾಧ್ಯವಿಲ್ಲ, ಏಕೆಂದರೆ ಬೈಬಲ್ಲಿನ ಪ್ರಕಾರ ಸಂಸೋನ ಜೆರುಸಲೇಮಿಗೆ ಕಾಲಿಟ್ಟವನೇ ಅಲ್ಲ. ವೈದ್ಯರ ಮಾತು ಶಾಸ್ತ್ರಸಮ್ಮತವೇ. ನ್ಯಾಯಸ್ಥಾಪಕರ ಗ್ರಂಥವನ್ನು ತೆರೆದು ನೋಡಿ, ಸಂಸೋನನ ಓಡಾಟವೆಲ್ಲ ಗಾಜಾ ಮತ್ತು ಫಿಲಿಷ್ಟಿಯರ ಸೀಮೆಯ ಕಡೆ. ಆದರೆ ವಾದದಲ್ಲಿ ಗೆದ್ದ ವೈದ್ಯರು ರೋಗಿಯನ್ನು ಕಳೆದುಕೊಂಡರು. ಅವನು ಕೆರಳಿ, ಕಿಟಕಿಯನ್ನು ಮುರಿದು, ಹೊರಗೆ ಹಾರಿ ಓಡಿಹೋದ.

ಅವನನ್ನು ಹುಡುಕಿಕೊಂಡು ಹೋದವರಲ್ಲಿ ತರಬೇತಿಯಲ್ಲಿದ್ದ ಒಬ್ಬ ದಾದಿಯೂ ಇದ್ದಳು. ಬಸ್ ನಿಲ್ದಾಣದಲ್ಲಿ ಅವನು ನಿಂತಿರುವುದನ್ನು ಅವಳು ಕಂಡಳು. (ಸಂಸೋನ ಬಸ್ಸಿಗಾಗಿ ಕಾಯುತ್ತಿದ್ದನೆಂಬುದನ್ನು ಯಾವ ಪ್ರಹಸನಕಾರನೂ ಇಷ್ಟು ಚೆನ್ನಾಗಿ ಹೊಸೆಯಲಾರ.) ದಾದಿ ಶಾಸ್ತ್ರ ಹೇಳಲಿಲ್ಲ, ಬೈಯಲಿಲ್ಲ. ಕಿಟಕಿ ಮುರಿದು ಹೊರಬಂದು ನೀನು ಸಂಸೋನನಂಥ ಬಲವನ್ನು ತೋರಿಸಿಯಾಯಿತು, ಇನ್ನು ಆಸ್ಪತ್ರೆಗೆ ಹಿಂದಿರುಗಬಹುದು ಎಂಬರ್ಥದ ಮಾತು ಹೇಳಿದಳು. ಅವನು ಸುಮ್ಮನೆ ಅವಳೊಡನೆ ಹಿಂದಿರುಗಿದ.

ಅವಳು ಹೇಳಿದ್ದು ಸುಳ್ಳೇ ಎಂದು ನೀತಿಶಾಸ್ತ್ರ ಕಲಿತವರು ಕೇಳಬಹುದು. ಕೇಳಲಿ. ನೀನು ಸಂಸೋನ ಎಂದು ಅವಳೇನೂ ಹೇಳಲಿಲ್ಲ. ಅವನು ನಿಂತಿದ್ದ ಜಾಗಕ್ಕೆ ತಾನು ಹೋಗಿ, ಅಲ್ಲಿಂದ ಮನೆಗೆ ಬರುವ ದಾರಿಯನ್ನು ತೋರಿದಳು, ಅಷ್ಟೆ.

ಎಲ್ಲ ಕಥೆಗಳೂ ಬಸ್ ನಿಲ್ದಾಣದಲ್ಲಿ ಹೀಗೆ ಮೆತ್ತಗೆ ಮುಗಿಯುವುದಿಲ್ಲ. 1969ರ ಆಗಸ್ಟ್ 21ರಂದು ಡೆನಿಸ್ ಮೈಕಲ್ ರೋಹನ್ ಎಂಬ ಆಸ್ಟ್ರೇಲಿಯದ ಯುವಕ ಜೆರುಸಲೇಮಿನ ಅಲ್-ಅಕ್ಸಾ ಮಸೀದಿಗೆ ಬೆಂಕಿ ಹಚ್ಚಿದ. ಜೆಕರ್ಯ ಪ್ರವಾದಿಯ ಗ್ರಂಥವನ್ನು ಓದಿ, ಅಲ್ಲಿ ಹೇಳಿರುವ ದೇವರ ಆಯ್ಕೆಯ ವ್ಯಕ್ತಿ ತಾನೇ, ಮಸೀದಿ ಇಲ್ಲವಾದರೆ ದೇವಾಲಯ ಮತ್ತೆ ಎದ್ದು ಕ್ರಿಸ್ತರ ಪುನರಾಗಮನಕ್ಕೆ ದಾರಿಯಾಗುತ್ತದೆ ಎಂದು ಅವನು ನಂಬಿದ್ದ. ಸುಲ್ತಾನ ಸಲಾಹುದ್ದೀನನ ಕಾಲದ, ಎಂಟು ಶತಮಾನ ಹಳೆಯ ಮರದ ಉಪದೇಶಪೀಠ ಆ ಬೆಂಕಿಯಲ್ಲಿ ನಾಶವಾಯಿತು. ಮುಸ್ಲಿಂ ಜಗತ್ತೆಲ್ಲ ಕುದಿಯಿತು. ಮರುತಿಂಗಳೇ ಮುಸ್ಲಿಂ ರಾಷ್ಟ್ರಗಳ ನಾಯಕರು ಮೊರೊಕ್ಕೊದ ರಬಾತಿನಲ್ಲಿ ಸಭೆ ಸೇರಿದರು. ನ್ಯಾಯಾಲಯವು ರೋಹನ್ ಮನೋರೋಗಿಯೆಂದು ತೀರ್ಪಿತ್ತು ಆಸ್ಪತ್ರೆಗೆ ಕಳುಹಿಸಿತು. ಇದಾಗಿ ಮೂವತ್ತು ವರ್ಷಗಳ ಮೇಲೆ, ಎರಡು ಸಾವಿರದ ಹೊಸ್ತಿಲಲ್ಲಿ, ಇಸ್ರೇಲಿನ ಪೊಲೀಸರು ಇಂಥದೇ ಭಯದಿಂದ ಎಚ್ಚರಗೊಂಡರು. 1999ರ ಜನವರಿಯಲ್ಲಿ ಅಮೆರಿಕದ ಡೆನ್ವರಿನಿಂದ ಬಂದು ಜೆರುಸಲೇಮಿನ ಬಳಿ ನೆಲೆಸಿದ್ದ ಒಂದು ಪಂಥದವರನ್ನು ಬಂಧಿಸಿ ದೇಶದಿಂದ ಹೊರಗೆ ಕಳುಹಿಸಿದರು. ಆದ್ದರಿಂದ ಈ ವಿಷಯವನ್ನು ಕೇವಲ ನಗೆಯ ವಸ್ತುವೆಂದು ತಿಳಿಯುವ ಹಾಗಿಲ್ಲ.

ಈಗ ಇನ್ನಷ್ಟು ಹಿಂದಕ್ಕೆ ಹೋಗೋಣ. 1523ರ ಸೆಪ್ಟೆಂಬರ್ ತಿಂಗಳಲ್ಲಿ ಬಡ ಯಾತ್ರಿಕನೊಬ್ಬ ಜೆರುಸಲೇಮನ್ನು ತಲಪಿದ. ಸ್ಪೇನ್ ದೇಶದ ಮಾಜಿ ಯೋಧ, ಫಿರಂಗಿಯ ಗುಂಡು ತಗುಲಿ ಕಾಲು ಕುಂಟು. ಹೆಸರು ಇಗ್ನೇಷಿಯಸ್ ಲೊಯೋಲ. ಯೇಸುಸ್ವಾಮಿ ನಡೆದ ನೆಲದಲ್ಲೇ ಕೊನೆಯವರೆಗೂ ಇದ್ದುಬಿಡಬೇಕು, ಆತ್ಮಗಳ ಸೇವೆ ಮಾಡಬೇಕು ಎಂಬುದು ಅವರ ದೃಢ ಸಂಕಲ್ಪ. ಪವಿತ್ರ ಸ್ಥಳಗಳ ಉಸ್ತುವಾರಿ ಹೊತ್ತ ಫ್ರಾನ್ಸಿಸ್ಕನ್ ಸಭೆಯ ಪ್ರಾಂತ್ಯಾಧಿಕಾರಿ ಇದಕ್ಕೆ ಒಪ್ಪಲಿಲ್ಲ. ಇಂಥ ಆಸೆಯಿಂದ ಉಳಿದವರಲ್ಲಿ ಕೆಲವರು ಸೆರೆಯಾಗಿದ್ದರು, ಕೆಲವರು ಸತ್ತಿದ್ದರು, ಸೆರೆಯಾದವರನ್ನು ಹಣ ಕೊಟ್ಟು ಬಿಡಿಸುವ ಹೊಣೆ ಮಠದ ತಲೆಗೆ ಬರುತ್ತಿತ್ತು. ಹೋಗದಿದ್ದರೆ ಬಹಿಷ್ಕಾರ ಹಾಕುವ ಅಧಿಕಾರ ತಮಗಿದೆ ಎಂದು ಅವರು ಹೇಳಿದರು, ಅದರ ಆಜ್ಞಾಪತ್ರ ತೋರಿಸಲೂ ಮುಂದಾದರು. ತೋರಿಸುವುದು ಬೇಡ, ನಿಮ್ಮ ಮಾತೇ ಸಾಕು ಎಂದು ಇಗ್ನೇಷಿಯಸ್ ತಲೆಬಾಗಿದರು.

ಆದರೆ ಹೊರಡುವ ಮೊದಲು ಅವರು ಮಾಡಿದ ಒಂದು ಕೆಲಸವನ್ನು ತಾವೇ ತಮ್ಮ ಆತ್ಮಕಥನದಲ್ಲಿ ಹೇಳಿಕೊಂಡಿದ್ದಾರೆ. ಯಾರಿಗೂ ತಿಳಿಸದೆ, ಬೆಂಗಾವಲಿಲ್ಲದೆ, ಅವರು ಓಲಿವ್ ಬೆಟ್ಟಕ್ಕೆ ಹೋದರು. ಸ್ವಾಮಿ ಸ್ವರ್ಗಾರೋಹಣವಾದಾಗ ಮೂಡಿದವೆಂದು ಹೇಳುವ ಹೆಜ್ಜೆಗುರುತಿನ ಕಲ್ಲು ಅಲ್ಲಿದೆ. ಒಳಗೆ ಬಿಡಲು ಕಾವಲುಗಾರರಿಗೆ ತಮ್ಮ ಬಳಿಯಿದ್ದ ಪುಟ್ಟ ಚಾಕುವನ್ನು ಕೊಟ್ಟರು. ಕಲ್ಲನ್ನು ಕಂಡು, ಪ್ರಾರ್ಥಿಸಿ, ಅಲ್ಲಿಂದ ಬೇತ್ಫಗೆಗೆ ಹೋದರು. ಅಲ್ಲಿ ಥಟ್ಟನೆ ಒಂದು ಸಂದೇಹ: ಬಲಪಾದ ಯಾವ ದಿಕ್ಕಿಗಿತ್ತು, ಎಡಪಾದ ಯಾವ ದಿಕ್ಕಿಗಿತ್ತು? ಸರಿಯಾಗಿ ನೋಡಿರಲಿಲ್ಲ! ಮತ್ತೆ ಬೆಟ್ಟಕ್ಕೆ ನಡೆದು, ಈ ಸಲ ಕತ್ತರಿಯನ್ನು ಕಾವಲುಗಾರರಿಗೆ ಲಂಚ ಕೊಟ್ಟು, ಪಾದಗಳ ದಿಕ್ಕನ್ನು ಗುರುತಿಸಿಕೊಂಡು ಬಂದರು. ಅಷ್ಟರಲ್ಲಿ ಮಠದಲ್ಲಿ ಹುಡುಕಾಟ ನಡೆದು, ಅಲ್ಲಿನ ಸೇವಕನೊಬ್ಬ ದೊಡ್ಡ ದೊಣ್ಣೆ ಹಿಡಿದು ಎದುರು ಬಂದು, ಸಿಟ್ಟಿನಿಂದ ಅವರ ತೋಳನ್ನು ಹಿಡಿದು ಎಳೆದೊಯ್ದ.

ದಾರಿಯಲ್ಲಿ ನಿಂತು ನೋಡಿದವನಿಗೆ ಈ ಕುಂಟ ಭಿಕ್ಷುಕನಿಗೂ ಬಿಳಿ ಹೊದಿಕೆಯ ಪ್ರವಾಸಿಗೂ ಏನು ಭೇದ ಕಂಡೀತು? ನನ್ನ ಮಟ್ಟಿಗೆ ಒಂದೇ ಭೇದ ಕಾಣುತ್ತದೆ. ಇಗ್ನೇಷಿಯಸ್ ಮುಂದೆ ತಮ್ಮ 'ಆಧ್ಯಾತ್ಮಿಕ ಸಾಧನೆಗಳು' ಗ್ರಂಥದಲ್ಲಿ ಧ್ಯಾನಿಸುವವನಿಗೆ ಶುಭಸಂದೇಶದ ದೃಶ್ಯದೊಳಕ್ಕೇ ಪ್ರವೇಶಿಸಲು ಕಲಿಸಿದರು. ಬೆತ್ಲೆಹೇಮಿನ ಗುಹೆ ಎಷ್ಟು ದೊಡ್ಡದು, ಎಷ್ಟು ತಗ್ಗಿನದು, ದಾರಿ ಹೇಗಿತ್ತು ಎಂಬುದನ್ನೆಲ್ಲ ಕಣ್ಣಮುಂದೆ ತಂದುಕೊಳ್ಳಬೇಕು ಎಂದರು. ಆದರೆ ಆ ದೃಶ್ಯದಲ್ಲಿ ಧ್ಯಾನಿಸುವವನಿಗೆ ಅವರು ಕೊಟ್ಟ ಪಾತ್ರ ಜೋಸೆಫರದ್ದಲ್ಲ, ಜ್ಯೋತಿಷಿಗಳದ್ದೂ ಅಲ್ಲ. ಮೂಲೆಯಲ್ಲಿ ನಿಂತು, ಬೇಕಾದುದನ್ನು ತಂದುಕೊಡುವ ಒಬ್ಬ ಬಡ ಆಳಿನ ಪಾತ್ರ. ಕಥೆಯೊಳಕ್ಕೆ ಹೋಗುವುದು ತಪ್ಪಲ್ಲ. ಹೋಗಿ ಯಾವ ಪೀಠದ ಮೇಲೆ ಕುಳಿತುಕೊಳ್ಳುತ್ತೇವೆ ಎಂಬುದರಲ್ಲಿದೆ ಎಲ್ಲ.

ನಮ್ಮ ಆರಾಧನಾ ವಿಧಿಯಾದರೂ ಮಾಡುವುದು ಇದನ್ನೇ ಅಲ್ಲವೇ? ಪವಿತ್ರ ಗುರುವಾರದಂದು ಹನ್ನೆರಡು ಜನ ಪ್ರೇಷಿತರಾಗಿ ಸಾಲಾಗಿ ಕುಳಿತು ಕಾಲು ನೀಡುತ್ತಾರೆ. ಮರುದಿನ ಊರಿನ ಯುವಕನೊಬ್ಬ ಶಿಲುಬೆ ಹೊತ್ತು ಬೀದಿಯಲ್ಲಿ ಬೀಳುತ್ತಾನೆ, ಏಳುತ್ತಾನೆ. ನೋಡುವ ತಾಯಂದಿರು ನಿಜವಾಗಿಯೇ ಅಳುತ್ತಾರೆ. ಸಂಜೆ ಅವನು ಬಣ್ಣ ತೊಳೆದುಕೊಂಡು ಮನೆಗೆ ಹೋಗಿ ಗಂಜಿ ಉಣ್ಣುತ್ತಾನೆ. ಧರ್ಮಸಭೆ ನಮಗೆ ಪಾತ್ರವನ್ನು ಕೊಡುತ್ತದೆ, ಅದನ್ನು ಕಳಚಿಡುವ ಹೊತ್ತನ್ನೂ ಕೊಡುತ್ತದೆ. ಆ ನ್ಯೂಯಾರ್ಕಿನ ರಂಗಮಂದಿರಕ್ಕೆ ಆಶ್ರಯವಿತ್ತ ದೇವಾಲಯದ ಪಾಲಕ ಸಂತರು ಯಾರೆಂದು ಈಗ ನೆನಪಿಸಿಕೊಳ್ಳಿರಿ. ನೀನು ಯಾರೆಂದು ಕೇಳಲು ಜೆರುಸಲೇಮಿನಿಂದಲೇ ಯಾಜಕರು ಬಂದಾಗ, ತಾನು ಕ್ರಿಸ್ತನಲ್ಲ, ಎಲೀಯನಲ್ಲ, ಆ ಪ್ರವಾದಿಯೂ ಅಲ್ಲ ಎಂದು ಒಂದೊಂದಾಗಿ ಎಲ್ಲ ಪಾತ್ರಗಳನ್ನೂ ನಿರಾಕರಿಸಿದ ಮಹಾನುಭಾವರು ಸ್ನಾನಿಕ ಯೊವಾನ್ನರು. ಅವರ ಸೂರಿನಡಿಯಲ್ಲೇ ಈ ಪ್ರಹಸನ ನಡೆದದ್ದು ಆಕಸ್ಮಿಕವೇ ಇರಬಹುದು. ನನಗೆ ಮಾತ್ರ ಅದು ಬಹಳ ಸೊಗಸಾಗಿ ಕಂಡಿತು.

ಆದರೆ ಆಳಿನ ಪಾತ್ರವನ್ನಷ್ಟೇ ಬೇಡಿದವರನ್ನೂ ಜನ ಸುಮ್ಮನೆ ಬಿಟ್ಟಿಲ್ಲ. ಇಂಗ್ಲೆಂಡಿನ ಲಿನ್ ಎಂಬ ಬಂದರು ಪಟ್ಟಣದ ಮಾರ್ಜರಿ ಕೆಂಪ್ ಇದಕ್ಕೆ ಸಾಕ್ಷಿ. ಸುಮಾರು 1373ರಲ್ಲಿ ಹುಟ್ಟಿದ ಈಕೆ ಪಟ್ಟಣಾಧ್ಯಕ್ಷರ ಮಗಳು, ಹದಿನಾಲ್ಕು ಮಕ್ಕಳ ತಾಯಿ. ಮೊದಲ ಹೆರಿಗೆಯ ನಂತರ ಎಂಟು ತಿಂಗಳ ಕಾಲ ಬುದ್ಧಿ ಕಲಕಿ, ತನಗೆ ತಾನೇ ಹಾನಿ ಮಾಡಿಕೊಳ್ಳದಂತೆ ಅವಳನ್ನು ಕಟ್ಟಿಹಾಕಬೇಕಾಗಿತ್ತು. ಯೇಸುಸ್ವಾಮಿ ಮಂಚದ ಅಂಚಿನಲ್ಲಿ ಬಂದು ಕುಳಿತು ಮಾತನಾಡಿಸಿದ ಮೇಲೆ ತಾನು ಚೇತರಿಸಿಕೊಂಡೆನೆಂದು ಅವಳು ಹೇಳಿದ್ದಾಳೆ. ಧ್ಯಾನದಲ್ಲಿ ಅವಳು ಮಾತೆ ಮರಿಯಮ್ಮನವರ ದಾಸಿಯಾಗುತ್ತಿದ್ದಳು. ಬೆತ್ಲೆಹೇಮಿನಲ್ಲಿ ತಂಗಲು ಜಾಗ ಬೇಡುತ್ತಿದ್ದಳು, ಬಾಲಯೇಸುವನ್ನು ಸುತ್ತಲು ಬಿಳಿಯ ಬಟ್ಟೆಗಳನ್ನು ಭಿಕ್ಷೆ ಎತ್ತುತ್ತಿದ್ದಳು. ದೈವಾಜ್ಞೆಯೆಂದು ತಾನೂ ಬಿಳಿ ಉಡುಪನ್ನು ಧರಿಸಬಯಸಿದಳು. ಮದುವೆಯಾದ ಹೆಂಗಸಿಗೆ ಕನ್ಯೆಯರ ಬಿಳುಪೇಕೆಂದು ಊರೆಲ್ಲ ಆಡಿಕೊಂಡಿತು.

1413ರಲ್ಲಿ ಅವಳು ಜೆರುಸಲೇಮಿಗೆ ಹೊರಟಳು. ಜೊತೆಯ ಯಾತ್ರಿಕರಿಗೆ ಅವಳ ಅಳು ಸಹಿಸಲಾಗಲಿಲ್ಲ. ಮಾಂಸ ತಿನ್ನುವುದಿಲ್ಲ, ಊಟದ ಮೇಜಿನಲ್ಲೂ ಶುಭಸಂದೇಶವನ್ನೇ ಮಾತಾಡುತ್ತಾಳೆ ಎಂಬ ದೂರು ಬೇರೆ. ಅವಳ ನಿಲುವಂಗಿಯನ್ನು ಮೊಣಕಾಲಿನ ಕೆಳಗೆ ಗಿಡ್ಡಗೆ ಕತ್ತರಿಸಿ, ಒರಟು ಬಿಳಿ ಗೋಣಿಬಟ್ಟೆಯನ್ನು ತೊಡಿಸಿ, ನೋಡಿದವರು ಹುಚ್ಚಿಯೆಂದು ತಿಳಿಯಲೆಂದು ಪಂಕ್ತಿಯ ಕೊನೆಯಲ್ಲಿ ಕೂರಿಸಿದರು. ಇವರೂ ಯಾತ್ರಿಕರೇ, ಪುಣ್ಯಕ್ಕಾಗಿಯೇ ಹೊರಟವರು. ದೂರದಿಂದ ಜೆರುಸಲೇಮ್ ಕಣ್ಣಿಗೆ ಬಿದ್ದಾಗ ಆನಂದದಿಂದ ಅವಳು ಕತ್ತೆಯ ಮೇಲಿಂದ ಬೀಳುವಂತಾದಳು. ಜರ್ಮನ್ ಯಾತ್ರಿಕರಿಬ್ಬರು ಹಿಡಿದುಕೊಂಡರು, ಅವರಲ್ಲೊಬ್ಬ ಗುರುಗಳು ಅವಳ ಬಾಯಿಗೆ ಸಂಬಾರ ಪದಾರ್ಥ ಹಾಕಿ ಆರೈಕೆ ಮಾಡಿದರು. ಕಲ್ವಾರಿಯಲ್ಲಿ ಅವಳು ನೆಲಕ್ಕೆ ಬಿದ್ದು, ತೋಳುಗಳನ್ನು ಶಿಲುಬೆಯಂತೆ ಚಾಚಿ, ಎದೆ ಬಿರಿಯುವಂತೆ ಕೂಗಿದಳು. ಆ ಕೂಗು ಮುಂದೆ ವರ್ಷಗಟ್ಟಲೆ ಅವಳನ್ನು ಬಿಡಲಿಲ್ಲ.

ಮಾರ್ಜರಿ ಸಂತಳೋ ರೋಗಿಯೋ? ಅವಳು ಹೇಳಿ ಬರೆಸಿದ ಪುಸ್ತಕದ ಹಸ್ತಪ್ರತಿಯನ್ನು 1934ರಲ್ಲಿ ಗುರುತಿಸಿದಂದಿನಿಂದ ಪಂಡಿತರೂ ವೈದ್ಯರೂ ಈ ಪ್ರಶ್ನೆಯನ್ನು ಜಗ್ಗಾಡುತ್ತಲೇ ಬಂದಿದ್ದಾರೆ. ಎರಡೂ ಇದ್ದಿರಬಾರದೇಕೆ ಎಂದು ಕೇಳಲು ಯಾಕೋ ಎಲ್ಲರಿಗೂ ಸಂಕೋಚ. ನಮ್ಮ ಧರ್ಮಕೇಂದ್ರಗಳಲ್ಲೂ ನಾವು ಇಂಥವರನ್ನು ಕಂಡಾಗ ಒಂದೋ ದರ್ಶನ ಪಡೆದವರೆಂದು ಎತ್ತರದಲ್ಲಿ ಕೂರಿಸಿ ಸುತ್ತ ಗುಂಪುಗೂಡುತ್ತೇವೆ, ಇಲ್ಲವೇ ದೆವ್ವ ಹಿಡಿದಿದೆಯೆಂದು ದೂರ ಸರಿಯುತ್ತೇವೆ. ವೈದ್ಯರ ಬಳಿ ಕರೆದೊಯ್ಯುವುದು, ಜೊತೆಗೇ ಪ್ರಾರ್ಥಿಸುವುದು, ಗುಣವಾಗಿ ಬಂದಾಗ ಬಲಿಪೂಜೆಯಲ್ಲಿ ಪಕ್ಕದಲ್ಲಿ ಕುಳಿತುಕೊಳ್ಳುವುದು ಇವು ಯಾರಿಗೂ ಹೊಳೆಯದ ಕೆಲಸಗಳಾಗಿವೆ. ಆ 42 ಮಂದಿ ನಾಚಿಕೆ ಹೊತ್ತು ಮನೆಗೆ ಮರಳಿದಾಗ ಅವರ ಊರಿನ ದೇವಾಲಯಗಳಲ್ಲಿ ಅವರಿಗೆ ಯಾವ ಬಗೆಯ ನಗು ಎದುರಾಯಿತೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಮಾರ್ಜರಿಯ ಯಾತ್ರೆಯಲ್ಲಿ ಇನ್ನೊಂದು ದಿನವಿದೆ. ಸ್ವಾಮಿ ನಲವತ್ತು ದಿನ ಉಪವಾಸವಿದ್ದ ಬೆಟ್ಟಕ್ಕೆ ಎಲ್ಲರೂ ಹೊರಟರು. ಏರು ಕಡಿದಾಗಿತ್ತು, ಬಿಸಿಲು ಸುಡುತ್ತಿತ್ತು. ತನ್ನನ್ನು ಮೇಲಕ್ಕೆ ಹತ್ತಿಸಿರೆಂದು ಅವಳು ಜೊತೆಯವರನ್ನು ಬೇಡಿಕೊಂಡಳು. ನಾವು ಹತ್ತುವುದೇ ಕಷ್ಟವಾಗಿದೆ, ಆಗುವುದಿಲ್ಲ ಎಂದು ಅವರು ಮುಂದೆ ನಡೆದರು. ಅಷ್ಟರಲ್ಲಿ ಆ ದಾರಿಯಲ್ಲಿ ಒಬ್ಬ ಮುಸ್ಲಿಂ ವ್ಯಕ್ತಿ ಬಂದ, ನೋಡಲು ಲಕ್ಷಣವಾಗಿದ್ದನೆಂದು ಅವಳು ನೆನಪಿಟ್ಟು ಬರೆಸಿದ್ದಾಳೆ. ಅವಳು ಒಂದು ನಾಣ್ಯವನ್ನು ಅವನ ಕೈಗಿಟ್ಟು, ಬೆಟ್ಟ ಹತ್ತಿಸುವಂತೆ ಸನ್ನೆ ಮಾಡಿದಳು. ಅವನು ಅವಳ ತೋಳನ್ನು ಹಿಡಿದು, ತುದಿಯವರೆಗೂ ನಡೆಸಿಕೊಂಡು ಹೋದ. ಮೇಲೆ ತಲಪಿದಾಗ ಅವಳಿಗೆ ಬಾಯಾರಿಕೆಯಾಗಿತ್ತು. ಜೊತೆಯವರು ಕನಿಕರಿಸಲಿಲ್ಲ, ಕೊನೆಗೆ ಫ್ರಾನ್ಸಿಸ್ಕನ್ ಸಂನ್ಯಾಸಿಗಳು ಬಂದು ಅವಳನ್ನು ಉಪಚರಿಸಿದರು.